ರಾತ್ರಿ ರೈಲಿಗೆ ಚೈನು-ಬೀಗ: ಯಾವುದು ಕೊಳ್ಳಬೇಕು, ಎಲ್ಲಿಗೆ ಹಾಕಬೇಕು

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಕಬ್ಬಿಣದ ಚೈನು ತೆಗೆದುಕೊಳ್ಳಿ, ಬೀಗವನ್ನು ಬೇರೆಯಾಗಿ ತೆಗೆದುಕೊಳ್ಳಿ. ಚೈನಿನ ತುದಿಯಲ್ಲೇ ಬೀಗ ಕೂರಿಸಿರುವ ಮಾಲು ಅಷ್ಟಕ್ಕಷ್ಟೇ. ನಂಬರ್ ತಿರುಗಿಸುವ ತೆಳ್ಳನೆ ಕೇಬಲ್ ಲಾಕ್ ರಾತ್ರಿ ರೈಲಿಗೆ ಬೇಡವೇ ಬೇಡ.

ನಮ್ಮ ಅಮ್ಮ ಮತ್ತು ಚಿಕ್ಕಮ್ಮ ಸಂಘಮಿತ್ರ ಎಕ್ಸ್‌ಪ್ರೆಸ್ಸಿನಲ್ಲಿ ಕಾಶಿಗೆ ಹೊರಟಿದ್ದಾರೆ. ಬೆಂಗಳೂರಿನಿಂದ ಹೊರಟು ಚೆನ್ನೈ, ವಿಜಯವಾಡ, ನಾಗಪುರ, ಇಟಾರ್ಸಿ, ಜಬಲ್ಪುರ ದಾಟಿ ಹೋಗುವ ಗಾಡಿ ಅದು. ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್ನಿನಲ್ಲಿ, ಅಂದರೆ ಹಳೇ ಮೊಘಲ್‌ಸರಾಯಿಯಲ್ಲಿ ಇಳಿದು ಕಾಶಿಗೆ ಹೋಗಬೇಕು. ಇಬ್ಬರಿಗೂ ಅರವತ್ತು ದಾಟಿದೆ, ಇಬ್ಬರಿಗೂ ಹಿಂದಿ ಅಷ್ಟಾಗಿ ಬರುವುದಿಲ್ಲ. ಅವರಿಗೆಂದು ಮೂರು ಬಗೆಯ ಚೈನು-ಬೀಗ ತರಿಸಿ, ಹುಬ್ಬಳ್ಳಿ-ಬೆಂಗಳೂರು ಓಡಾಟದಲ್ಲಿ ನಾನೇ ಹಾಕಿ ನೋಡಿದೆ. ಈ ಓಡಾಟ ನನಗೆ ಮಾಮೂಲು, ಹಾಗಾಗಿ ಪ್ರತ್ಯೇಕ ಪರೀಕ್ಷೆ ಎಂದೇನೂ ಮಾಡಬೇಕಾಗಲಿಲ್ಲ.

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಚೈನು. ಪ್ಲಾಟ್‌ಫಾರ್ಮಿನ ಅಂಗಡಿಗಳಲ್ಲಿ ನೇತುಹಾಕಿರುತ್ತಾರಲ್ಲ, ಒಂದು ತುದಿಯಲ್ಲಿ ಬೀಗ ಸೇರಿಸಿಯೇ ಇರುತ್ತದೆ, ಮೇಲೊಂದು ಪ್ಲಾಸ್ಟಿಕ್ ಕೊಳವೆ. ಮೆಜೆಸ್ಟಿಕ್ ಕಡೆ 150 ರೂಪಾಯಿಗೆ ಕೊಟ್ಟರು. ರೈಲಿನೊಳಗೆ ಹೊತ್ತು ಮಾರುವವರು ಮೊದಲು ಜಾಸ್ತಿ ಹೇಳಿ, ಗಾಡಿ ಹೊರಡುವ ಹೊತ್ತಿಗೆ ಇಳಿಸುತ್ತಾರೆ. ಪ್ಲಾಸ್ಟಿಕ್ ಕೊಳವೆ ಇರುವುದು ನನಗೆ ಇಷ್ಟವಾಯಿತು. ಬರೀ ಕಬ್ಬಿಣವಾದರೆ ಗಾಡಿ ಅಲುಗಿದಾಗೆಲ್ಲ ಸೀಟಿನ ಕೆಳಗೆ ಗಲಗಲ ಸದ್ದು, ಅಕ್ಕಪಕ್ಕದವರಿಗೂ ನಿದ್ದೆ ಇಲ್ಲ. ಆದರೆ ಬೀಗ? ಅದೇ ಅಂಗಡಿಯಲ್ಲಿ ಒಟ್ಟಿಗೆ ತಂದ ಎರಡು ಚೈನುಗಳಲ್ಲಿ ಒಂದರ ಕೀಲಿಕೈ ಇನ್ನೊಂದಕ್ಕೆ ಸಲೀಸಾಗಿ ಹೊಂದಿತು. ಇಷ್ಟು ಅಗ್ಗದ ಬೀಗದಲ್ಲಿ ಕೀಲಿಕೈ ಮಾದರಿಗಳು ಕೆಲವೇ ಇರುತ್ತವೆ, ಒಂದು ಗೊಂಚಲು ಇಟ್ಟುಕೊಂಡವನಿಗೆ ಅದು ಬೀಗವೇ ಅಲ್ಲ.

ಎರಡನೆಯದು ಆನ್‌ಲೈನಿನಲ್ಲಿ ತರಿಸಿದ ಕೇಬಲ್ ಲಾಕ್. ನೋಡಲು ಬಹಳ ಚೆಂದ, ಹಗುರ, ಅಂಗೈಯಲ್ಲಿ ಹಿಡಿಸುತ್ತದೆ. 3 ಅಂಕಿಯ ನಂಬರ್, ಅಂದರೆ 000ದಿಂದ 999ರವರೆಗೆ ಒಟ್ಟು 1000 ಜೋಡಿ. ಅಷ್ಟನ್ನೂ ಕೂತು ತಿರುಗಿಸುವ ಕಳ್ಳ ಯಾರೂ ಇಲ್ಲ ಬಿಡಿ. ತೊಂದರೆ ಬೇರೆ ಕಡೆ ಇದೆ. ಒಳಗಿನ ಉಕ್ಕಿನ ತಂತಿ ತುಂಬಾ ತೆಳು, ಎಲೆಕ್ಟ್ರಿಷಿಯನ್ ಇಟ್ಟುಕೊಳ್ಳುವಂಥ ಕಟಿಂಗ್ ಪ್ಲೇಯರ್ ಸಾಕು ಕತ್ತರಿಸಲು. ತಂತಿ ಬೀಗದೊಳಗೆ ಸೇರುವ ಜಾಗದಲ್ಲಿ ನನ್ನದು ಕೆಲವೇ ವಾರಕ್ಕೆ ಸಡಿಲವಾಯಿತು. ಇನ್ನೊಂದು ತೊಂದರೆ, ರಾತ್ರಿ 3 ಗಂಟೆಗೆ ಲೈಟ್ ಆರಿಸಿರುವ ಬೋಗಿಯಲ್ಲಿ, ಸೀಟಿನ ಕೆಳಗೆ ತಲೆ ಹಾಕಿ, ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಆ ಪುಟಾಣಿ ಅಂಕಿಗಳನ್ನು ಜೋಡಿಸಬೇಕು. ಕಣ್ಣಿಗೆ ಪೊರೆ ಬಂದಿರುವ ನಮ್ಮ ಚಿಕ್ಕಮ್ಮನಿಗೆ ಅದು ಹಗಲಲ್ಲೇ ಆಗಲಿಲ್ಲ. ನಂಬರ್ ಬದಲಿಸುವ ಸಣ್ಣ ಗುಂಡಿ ಪಕ್ಕದಲ್ಲೇ ಇರುವುದರಿಂದ ಗೊತ್ತಿಲ್ಲದೆ ಒತ್ತಿಹೋಗಿ ನಂಬರೇ ಬೇರೆ ಆಗಿಬಿಡುವ ಅಪಾಯವೂ ಇದೆ. ಹಗಲು ಹೊತ್ತಿನಲ್ಲಿ, ಹೋಟೆಲ್ ರೂಮಿನಲ್ಲಿ, ಬೈಕಿಗೆ ಹೆಲ್ಮೆಟ್ ಕಟ್ಟಲು ಇದು ಆದೀತು.

ಮೂರನೆಯದೇ ನಾನು ಅಮ್ಮನಿಗೆ ಕೊಟ್ಟಿದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ಅಳತೆಗೆ ಕತ್ತರಿಸಿ ಕೊಡುವ ಚೈನು, ಸುಮಾರು 4 ಅಡಿ. ಅದಕ್ಕೊಂದು ಹಿತ್ತಾಳೆ ಬೀಗ. ಎರಡೂ ಸೇರಿ 350 ರೂಪಾಯಿಯ ಒಳಗೇ ಆಯಿತು. ಕೊಳ್ಳುವಾಗ ಚೈನಿನ ಕೊಂಡಿಗಳನ್ನು ಕಣ್ಣಿಟ್ಟು ನೋಡಿ. ಪ್ರತಿ ಕೊಂಡಿಯ ಬಾಯಿ ವೆಲ್ಡ್ ಆಗಿ ಕೂಡಿರಬೇಕು. ಅಗ್ಗದ ಚೈನಿನಲ್ಲಿ ತಂತಿಯನ್ನು ಬಗ್ಗಿಸಿ ಬಾಯಿ ಹತ್ತಿರ ತಂದಿರುತ್ತಾರೆ ಅಷ್ಟೆ, ಮಧ್ಯೆ ಕೂದಲೆಳೆಯಷ್ಟು ಸಂದು ಕಾಣುತ್ತದೆ. ಅಂಥ ಕೊಂಡಿಗೆ ಸ್ಕ್ರೂಡ್ರೈವರ್ ಹಾಕಿ ತಿರುಚಿದರೆ ಸದ್ದಿಲ್ಲದೆ ಬಾಯಿ ಬಿಡುತ್ತದೆ. ಆಮೇಲೆ ಬೀಗದ ಕೊಕ್ಕೆ ಚೈನಿನ ಕೊಂಡಿಯೊಳಗೆ ಹೋಗುತ್ತದಾ ಎಂದು ಅಂಗಡಿಯಲ್ಲೇ ಹಾಕಿ ನೋಡಿ. ಗಟ್ಟಿ ಬೀಗ ಬೇಕೆಂದು ದಪ್ಪ ಕೊಕ್ಕೆಯದು ಕೊಂಡರೆ ಸಣ್ಣ ಕೊಂಡಿಗೆ ತೂರುವುದೇ ಇಲ್ಲ. ಸೈಕಲ್ ಟ್ಯೂಬಿನ ತುಂಡೊಂದನ್ನು ಚೈನಿನ ಮೇಲೆ ಎಳೆದರೆ ಸದ್ದೂ ಇಲ್ಲ, ಸೂಟ್‌ಕೇಸಿಗೆ ಗೀರೂ ಬೀಳುವುದಿಲ್ಲ. ಒಂದು ಕೀಲಿಕೈ ಅಮ್ಮನ ಹತ್ತಿರ, ಇನ್ನೊಂದು ಚಿಕ್ಕಮ್ಮನ ಹತ್ತಿರ. ಎರಡನ್ನೂ ಒಬ್ಬರೇ ಇಟ್ಟುಕೊಳ್ಳಬಾರದು, ಬೀಗ ಹಾಕಿದ ಬ್ಯಾಗಿನೊಳಗಂತೂ ಇಡಲೇಬಾರದು.

ಇನ್ನು ಹಾಕುವ ಜಾಗ. ಇದು ಚೈನು ಯಾವುದು ಎನ್ನುವುದಕ್ಕಿಂತ ಮುಖ್ಯ ಎಂದು ನನಗೆ ಅನ್ನಿಸುತ್ತದೆ.

ಕೆಳಗಿನ ಬರ್ತ್‌ನ ಅಡಿಯಲ್ಲಿ ಬ್ಯಾಗ್ ಕಟ್ಟಲೆಂದೇ ತಂತಿಯ ಉಂಗುರಗಳನ್ನು ಕೊಟ್ಟಿರುತ್ತಾರೆ. ಬಗ್ಗಿ ನೋಡದಿದ್ದರೆ ಕಾಣುವುದಿಲ್ಲ, ಎಷ್ಟೋ ಜನರಿಗೆ ಅದು ಇರುವುದೇ ಗೊತ್ತಿಲ್ಲ. ಉಂಗುರ ಸಿಗದಿದ್ದರೆ ಬರ್ತ್ ಹೊತ್ತಿರುವ ಕಬ್ಬಿಣದ ಕಾಲಿಗೆ ಹಾಕಿ. ಮಡಚುವ, ಎತ್ತುವ, ಜಾರಿಸುವ ಯಾವ ಭಾಗಕ್ಕೂ ಹಾಕಬೇಡಿ, ಬೆಳಗ್ಗೆ ಯಾರೋ ಮಧ್ಯದ ಬರ್ತ್ ಇಳಿಸುವಾಗ ಅವರ ಕೈಗೂ ನಿಮ್ಮ ಬ್ಯಾಗಿಗೂ ಪೆಟ್ಟು. ಬ್ಯಾಗಿನ ಕಡೆ ನೋಡಿದರೆ, ಟ್ರಾಲಿಯ ಉದ್ದ ಎಳೆಯುವ ಹಿಡಿಗೆ ಎಂದಿಗೂ ಚೈನು ಹಾಕಬಾರದು. ಜೋರಾಗಿ ಜಗ್ಗಿದರೆ ಅದು ಕಿತ್ತು ಬರುತ್ತದೆ. ಮೇಲ್ಭಾಗದ ಗಟ್ಟಿ ಹಿಡಿಗೆ ಹಾಕಿ, ಅದೇ ಚೈನನ್ನು ಎರಡನೇ ಬ್ಯಾಗಿನ ಹಿಡಿಯೊಳಗೂ ತೂರಿಸಿ ತನ್ನಿ. ಎರಡು ಬ್ಯಾಗು ಜೋಡಿಯಾದರೆ ಆ ಗಂಟನ್ನು ಎತ್ತಿಕೊಂಡು ಓಡುವುದು ಸುಲಭವಲ್ಲ. ಬಟ್ಟೆ ಬ್ಯಾಗುಗಳ ಹಿಡಿ ಬರೀ ದಾರದ ಹೊಲಿಗೆಯ ಮೇಲೆ ನಿಂತಿರುತ್ತದೆ, ಹೊರಡುವ ಮುಂಚೆ ದರ್ಜಿಯ ಹತ್ತಿರ ಇನ್ನೊಂದು ಸಾಲು ಹೊಲಿಗೆ ಹಾಕಿಸುವುದು ಒಳ್ಳೆಯದು.

ಅಕ್ಕಪಕ್ಕದವರನ್ನೂ ನೆನಪಿಡಬೇಕು. ಒಂದು ಸೀಟಿನ ಕೆಳಗೆ ಮೂವರ ಸಾಮಾನು ಇರುತ್ತದೆ. ನಿಮ್ಮ ಚೈನು ಇನ್ನೊಬ್ಬರ ಬ್ಯಾಗಿನ ಮೇಲೆ ಅಡ್ಡ ಬಿದ್ದಿದ್ದರೆ, ಅರಸೀಕೆರೆಯಲ್ಲಿ ನಡುರಾತ್ರಿ ಇಳಿಯುವವರು ನಿಮ್ಮನ್ನು ಎಬ್ಬಿಸಲೇಬೇಕಾಗುತ್ತದೆ. ಮಲಗುವ ಮುಂಚೆ ಯಾರು ಎಲ್ಲಿ ಇಳಿಯುತ್ತಾರೆ ಎಂದು ಕೇಳಿಕೊಂಡು, ದೂರ ಹೋಗುವವರ ಸಾಮಾನು ಒಳಗೆ, ಬೇಗ ಇಳಿಯುವವರದು ಹೊರಗೆ ಇಟ್ಟರೆ ಎಲ್ಲರಿಗೂ ಅನುಕೂಲ. ಈ ಮಾತಿನಿಂದ ಇನ್ನೊಂದು ಲಾಭವೂ ಇದೆ. ಆ ಬೋಗಿಯಲ್ಲಿ ಯಾವ ಬ್ಯಾಗ್ ಯಾರದು ಎಂದು ನಾಲ್ಕು ಜನರಿಗೆ ಗೊತ್ತಾಗುತ್ತದೆ. ಅಪರಿಚಿತ ಬಂದು ಕೈ ಹಾಕಿದರೆ ಎಚ್ಚರ ಇರುವವರು ಯಾರಾದರೂ ಕೇಳುತ್ತಾರೆ.

ಈಗ ಜಿಪ್ಪಿನ ವಿಷಯ, ಇದನ್ನು ದಯವಿಟ್ಟು ಮನೆಯಲ್ಲೇ ಒಮ್ಮೆ ಮಾಡಿ ನೋಡಿ. ಎರಡು ಜಿಪ್ ಎಳೆಗಳಿಗೆ ಸಣ್ಣ ಬೀಗ ಹಾಕಿ ನೆಮ್ಮದಿಯಾಗಿ ಮಲಗುತ್ತೇವೆ ಅಲ್ವಾ? ಪ್ಲಾಸ್ಟಿಕ್ ಸುರುಳಿಯ ಜಿಪ್ಪಿನ ಮಧ್ಯೆ ಬಾಲ್‌ಪೆನ್ನಿನ ತುದಿ ಒತ್ತಿದರೆ ಅದು ಬಾಯಿ ತೆರೆಯುತ್ತದೆ. ಬೇಕಾದ್ದು ತೆಗೆದುಕೊಂಡು, ಬೀಗ ಸಮೇತ ಆ ಎರಡು ಎಳೆಗಳನ್ನು ಒಂದು ಸುತ್ತು ಆಚೆ ಈಚೆ ಎಳೆದರೆ ಜಿಪ್ ಮತ್ತೆ ಕೂಡಿಕೊಳ್ಳುತ್ತದೆ. ಮನೆಗೆ ಹೋಗಿ ಬ್ಯಾಗ್ ತೆರೆಯುವವರೆಗೆ ನಿಮಗೆ ಸುಳಿವೇ ಇರುವುದಿಲ್ಲ. ಚೈನು ಭದ್ರವಾಗಿ ಇದ್ದರೂ ಇದನ್ನು ತಡೆಯುವುದಿಲ್ಲ. ಜಿಪ್ ಎಳೆಗಳನ್ನು ಬ್ಯಾಗಿನ ಪಕ್ಕದ ಹಿಡಿಗೋ ಉಂಗುರಕ್ಕೋ ಸೇರಿಸಿ ಬೀಗ ಹಾಕಿ, ಎಳೆಗಳು ಓಡಾಡದ ಹಾಗೆ. ಆಗ ಪೆನ್ನಿನಿಂದ ತೆರೆದರೂ ಮತ್ತೆ ಮುಚ್ಚಲು ಆಗುವುದಿಲ್ಲ, ಗುರುತು ಉಳಿಯುತ್ತದೆ. ಅದಕ್ಕಿಂತ ಒಳ್ಳೆಯದು, ಜಿಪ್ ಇರುವ ಕಡೆಯನ್ನು ಗೋಡೆಗೆ ತಿರುಗಿಸಿ ಇಡುವುದು. ಒಡವೆ, ಹಣ, ಲ್ಯಾಪ್‌ಟಾಪ್ ಸೀಟಿನ ಕೆಳಗಿನ ಬ್ಯಾಗಿನಲ್ಲಿ ಇಡುವುದೇ ಬೇಡ.

ಅಂದರೆ ಚೈನು ಕಾಯುವುದು ಒಬ್ಬ ಕಳ್ಳನಿಂದ ಮಾತ್ರ. ಗಾಡಿ ಸಣ್ಣ ಸ್ಟೇಷನ್ನಿನಲ್ಲಿ ಒಂದೆರಡು ನಿಮಿಷ ನಿಂತಾಗ ಕೈಗೆ ಸಿಕ್ಕ ಬ್ಯಾಗ್ ಎತ್ತಿಕೊಂಡು ಇಳಿಯುವವನಿಂದ. ಅವನ ಹತ್ತಿರ ಸಮಯವಿಲ್ಲ. ಚೈನು ಜಗ್ಗಿದ ಕೂಡಲೇ ಬಿಟ್ಟು ಮುಂದಿನ ಸೀಟಿಗೆ ಹೋಗುತ್ತಾನೆ. 350 ರೂಪಾಯಿಗೆ ಅಷ್ಟು ಸಿಕ್ಕರೆ ಅದು ಒಳ್ಳೆಯ ವ್ಯಾಪಾರವೇ. ಆದರೆ ರೈಲಿನಲ್ಲಿ ಜನ ಕಳೆದುಕೊಳ್ಳುವುದು ಸೂಟ್‌ಕೇಸ್ ಒಂದೇ ಅಲ್ಲ. ಮೊಬೈಲು, ಪರ್ಸು, ಕೈಚೀಲ, ಕೊರಳಿನ ಸರ, ಇವುಗಳಿಗೆ ಚೈನಿನಿಂದ ಏನೂ ಉಪಯೋಗವಿಲ್ಲ.

ಸ್ಲೀಪರ್ ಬೋಗಿಯ ಕಿಟಕಿ ಪಕ್ಕ ಕೂತ ಹೆಂಗಸರು ಒಂದು ಮಾತು ಕೇಳಿ. ಸ್ಟೇಷನ್ನಿನಿಂದ ಹೊರಡುವಾಗ, ಸಿಗ್ನಲ್ಲಿಗೆ ಕಾದು ನಿಧಾನವಾಗಿ ಸರಿಯುವಾಗ, ಆ ಹೊತ್ತಿನಲ್ಲೇ ಹೊರಗಿನಿಂದ ಕೈ ಒಳಗೆ ಬರುತ್ತದೆ. ಗಾಡಿ ಮೆಲ್ಲಗಾಯಿತು ಅನ್ನಿಸಿದರೆ ಶಟರ್ ಇಳಿಸಿ, ಮಾಂಗಲ್ಯದ ಮೇಲೆ ಸೆರಗು ಎಳೆದುಕೊಳ್ಳಿ. ಕಿಟಕಿ ಕಡೆ ತಲೆ ಹಾಕಿ ಮಲಗಬೇಡಿ. ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡುವ ಹುಡುಗರಿಗೂ ಹೇಳಬೇಕು. ಹಳಿಯ ಪಕ್ಕ ನಿಂತವರು ಕೋಲಿನಿಂದ ಕೈಗೆ ಹೊಡೆದು ಫೋನ್ ಬೀಳಿಸುತ್ತಾರೆ, ಅದನ್ನು ಹಿಡಿಯಲು ಬಗ್ಗಿ ಜೀವ ಕಳೆದುಕೊಂಡವರಿದ್ದಾರೆ. ಫೋನ್ ಹೋದರೆ ಹೋಗಲಿ. ಗುರುತಿಲ್ಲದವರು ಕೊಟ್ಟ ಚಹಾ, ಬಿಸ್ಕತ್ತು ಬೇಡ ಎನ್ನುವುದನ್ನು ಎಷ್ಟು ಸಲ ಕೇಳಿದ್ದರೂ ಹಿರಿಯರಿಗೆ ಮತ್ತೊಮ್ಮೆ ಹೇಳಿ ಕಳಿಸಿ, ಯಾಕೆಂದರೆ ಪ್ರೀತಿಯಿಂದ ಕೊಟ್ಟಿದ್ದನ್ನು ಬೇಡ ಅನ್ನುವುದು ಅವರಿಗೆ ಕಷ್ಟ.

ಹಣಕ್ಕೆ ನಮ್ಮಮ್ಮ ದರ್ಜಿಯ ಹತ್ತಿರ ಹೊಲಿಸಿದ ಸಂಚಿ ಇದೆ. ಸೀರೆಯ ಒಳಗೆ ಸೊಂಟಕ್ಕೆ ಕಟ್ಟುವಂಥದ್ದು, ಮೆತ್ತನೆ ಹತ್ತಿ ಬಟ್ಟೆ, ಎರಡು ಖಾನೆ. ಅಂಗಡಿಗಳಲ್ಲಿ ಸಿಗುವ ನೈಲಾನ್ ಮನಿ ಬೆಲ್ಟನ್ನೂ ತರಿಸಿದ್ದೆ, ಬೆವರಿಗೆ ಮೈ ಕೆರೆಯುತ್ತದೆ, ಸೀರೆಯ ಮೇಲಿನಿಂದ ಉಬ್ಬಿ ಕಾಣುತ್ತದೆ. ಸಂಚಿಯೇ ಗೆದ್ದಿತು. ದಾರಿ ಖರ್ಚಿನ ಚಿಲ್ಲರೆ ಬೇರೆ ಪರ್ಸಿನಲ್ಲಿರಲಿ, ಚಹಾಕ್ಕೆ 20 ರೂಪಾಯಿ ಕೊಡಲು ಎಲ್ಲರೆದುರು ಸಂಚಿ ಬಿಚ್ಚಬಾರದು.

ಇಷ್ಟೆಲ್ಲ ಯಾಕೆ, ಕಳುವಾದರೆ ರೈಲ್ವೆಯವರೇ ಕೊಡುವುದಿಲ್ಲವಾ ಎಂದು ಕೇಳುವವರಿದ್ದಾರೆ. ಸಾಮಾನ್ಯವಾಗಿ ಇಲ್ಲ. 1989ರ ರೈಲ್ವೆ ಕಾಯ್ದೆಯ 100ನೇ ಸೆಕ್ಷನ್ ಪ್ರಕಾರ, ಬುಕ್ ಮಾಡಿ ರಸೀದಿ ಪಡೆಯದ, ನಿಮ್ಮ ಜೊತೆಯಲ್ಲೇ ಇಟ್ಟುಕೊಂಡ ಸಾಮಾನಿಗೆ ರೈಲ್ವೆ ಹೊಣೆಯಾಗಬೇಕಾದರೆ, ಅವರ ಕಡೆಯಿಂದಲೇ ನಿರ್ಲಕ್ಷ್ಯವೋ ದುರ್ನಡತೆಯೋ ಆಗಿದೆ ಎಂದು ಸಾಬೀತಾಗಬೇಕು. 2005ರಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಸೊಂಟದ ಬೆಲ್ಟಿನಲ್ಲಿ 1 ಲಕ್ಷ ರೂಪಾಯಿ ಕಟ್ಟಿಕೊಂಡು ರಿಸರ್ವೇಶನ್ ಟಿಕೆಟಿನಲ್ಲಿ ದೆಹಲಿಗೆ ಹೊರಟಿದ್ದರು, ನಿದ್ದೆಯಲ್ಲಿ ಹಣ ಹೋಯಿತು. ಜಿಲ್ಲಾ, ರಾಜ್ಯ, ರಾಷ್ಟ್ರೀಯ ಗ್ರಾಹಕ ಆಯೋಗಗಳು ಮೂರೂ ಅವರ ಪರವಾಗಿ ಹೇಳಿದವು. ಆದರೆ 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಪ್ರಯಾಣಿಕರು ತಮ್ಮ ವಸ್ತುವನ್ನು ತಾವೇ ಕಾಯ್ದುಕೊಳ್ಳಲು ಆಗದಿದ್ದರೆ ಅದು ರೈಲ್ವೆ ಸೇವೆಯ ಕೊರತೆ ಅಲ್ಲ ಎಂದಿತು. ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. 2016ರ ಜನವರಿಯಲ್ಲಿ ಝಾನ್ಸಿ ಮತ್ತು ಗ್ವಾಲಿಯರ್ ಮಧ್ಯೆ ಮಾಳ್ವಾ ಎಕ್ಸ್‌ಪ್ರೆಸ್ಸಿನ ರಿಸರ್ವ್ ಬೋಗಿಗೆ ಟಿಕೆಟ್ ಇಲ್ಲದವರು ನುಗ್ಗಿ ಒಬ್ಬ ಮಹಿಳೆಯ ಬ್ಯಾಗ್ ಹೋದ ಪ್ರಕರಣದಲ್ಲಿ, ದೆಹಲಿಯ ಗ್ರಾಹಕ ಆಯೋಗ 2024ರಲ್ಲಿ 1 ಲಕ್ಷಕ್ಕೂ ಹೆಚ್ಚು ಪರಿಹಾರ ಕೊಡಿಸಿತು. ಹಾಗಾಗಿ ರಿಸರ್ವ್ ಬೋಗಿಯಲ್ಲಿ ಬೇರೆಯವರು ತುಂಬಿಕೊಂಡರೆ ಸುಮ್ನೆ ಕೂರಬೇಡಿ, ಆಗಲೇ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಮುಂದೆ ಕೇಸು ಹಾಕುವ ಪರಿಸ್ಥಿತಿ ಬಂದರೆ ಆ ನಂಬರೇ ನಿಮ್ಮ ಕೈಯಲ್ಲಿರುವ ಪುರಾವೆ.

139 ಒಂದನ್ನು ಅಮ್ಮನ ಫೋನಿನಲ್ಲಿ ಮೊದಲ ಹೆಸರಾಗಿ ಸೇವ್ ಮಾಡಿದ್ದೇನೆ. ಮೊದಲು ಭದ್ರತೆಗೆಂದೇ 182 ಇತ್ತು, 2021ರಲ್ಲಿ ಅದನ್ನೂ 139ಕ್ಕೆ ಸೇರಿಸಿದರು. ಕಳ್ಳತನವಾದರೆ ಪ್ರಯಾಣ ನಿಲ್ಲಿಸಿ ಗೊತ್ತಿಲ್ಲದ ಊರಿನಲ್ಲಿ ಇಳಿಯಬೇಕಾಗಿಲ್ಲ. ಟಿಟಿಇ ಹತ್ತಿರ, ಗಾರ್ಡ್ ಹತ್ತಿರ, ಗಾಡಿಯಲ್ಲಿರುವ ಆರ್‌ಪಿಎಫ್ (ರೈಲ್ವೆ ರಕ್ಷಣಾ ಪಡೆ) ಸಿಬ್ಬಂದಿ ಹತ್ತಿರ ಎಫ್‌ಐಆರ್ ಫಾರಂ ಇರುತ್ತದೆ. ಅದನ್ನು ತುಂಬಿ ಕೊಟ್ಟರೆ ಮುಂದೆ ಬರುವ ರೈಲ್ವೆ ಪೊಲೀಸ್ ಠಾಣೆಗೆ ತಲುಪಿಸುತ್ತಾರೆ. ಇದು ನಮ್ಮ ವ್ಯಾಪ್ತಿ ಅಲ್ಲ ಎಂದು ಯಾವ ಠಾಣೆಯೂ ನಿಮ್ಮನ್ನು ವಾಪಸ್ ಕಳಿಸುವ ಹಾಗಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲಿ, ಘಟನೆ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು ಎಂದು ನೇರವಾಗಿಯೇ ಬರೆದಿದ್ದಾರೆ.

ಫೋನ್ ಹೋದರೆ ಸರ್ಕಾರದ ಸಂಚಾರ ಸಾಥಿ ಪೋರ್ಟಲ್ ಇದೆ, 2023ರ ಮೇ ತಿಂಗಳಿನಿಂದ ದೇಶಾದ್ಯಂತ. ಇದರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇದೆ. ಪೊಲೀಸ್ ದೂರಿನ ಪ್ರತಿ, ಗುರುತಿನ ಚೀಟಿ, ಐಎಂಇಐ ನಂಬರ್ (ಪ್ರತಿ ಫೋನಿಗೂ ಬೇರೆಯಾಗಿ ಇರುವ ಗುರುತಿನ ಸಂಖ್ಯೆ) ಕೊಟ್ಟರೆ ಆ ಫೋನ್ ದೇಶದ ಯಾವ ನೆಟ್‌ವರ್ಕಿನಲ್ಲೂ ಕೆಲಸ ಮಾಡದ ಹಾಗೆ ತಡೆಯುತ್ತಾರೆ, ಯಾರಾದರೂ ಬೇರೆ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಹೋಗುತ್ತದೆ. ಒಟಿಪಿ ಬರಬೇಕಾದ್ದರಿಂದ ಮೊದಲು ಡೂಪ್ಲಿಕೇಟ್ ಸಿಮ್ ಮಾಡಿಸಿಕೊಳ್ಳಬೇಕು. ಐಎಂಇಐ ನಂಬರ್ ಫೋನ್ ಕಳೆದ ಮೇಲೆ ಹುಡುಕುವುದು ತಲೆನೋವು, ಈಗಲೇ *#06# ಒತ್ತಿ ಬಂದದ್ದನ್ನು ಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ.

ಬ್ಯಾಗಿನೊಳಗೆ ಹಾಕುವ ಬಿಲ್ಲೆಯಂಥ ಟ್ರ್ಯಾಕರ್ ಬಗ್ಗೆ ಇಬ್ಬರು ಗೆಳೆಯರು ಕೇಳಿದ್ದರು. ಸುತ್ತಲಿನ ಜನರ ಫೋನುಗಳ ಮೂಲಕ ತಾನು ಎಲ್ಲಿದ್ದೇನೆ ಎಂದು ಅದು ತಿಳಿಸುತ್ತದೆ, ರೈಲಿನಲ್ಲಿ ಜನ ತುಂಬಿರುವುದರಿಂದ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಬ್ಯಾಗ್ ಇಟಾರ್ಸಿಯಲ್ಲಿ ಇಳಿದುಹೋಗಿದೆ ಎಂದು ಜಬಲ್ಪುರದಲ್ಲಿ ಗೊತ್ತಾದರೆ ನಮ್ಮಮ್ಮ ಏನು ಮಾಡಬೇಕು? ವಿಮಾನದಲ್ಲಿ ಹೋಗುವವರಿಗೆ, ಬ್ಯಾಗ್ ಬೇರೆ ಊರಿಗೆ ಹೋಯಿತಾ ಎಂದು ನೋಡಲು ಅದು ಬೇಕು. ರೈಲಿಗೆ ಮೊದಲು ಚೈನು, ದುಡ್ಡು ಉಳಿದರೆ ಟ್ರ್ಯಾಕರ್.

ಬಸ್ಸಿನ ಸ್ಲೀಪರಿಗೆ ಈ ಚೈನು ಬೇಕಾ ಎಂದರೆ, ಬೇಡ. ದೊಡ್ಡ ಬ್ಯಾಗ್ ಡಿಕ್ಕಿಯಲ್ಲಿರುತ್ತದೆ, ಕಟ್ಟಲು ಅಲ್ಲಿ ಏನೂ ಇರುವುದಿಲ್ಲ. ಡಿಕ್ಕಿ ಬಾಗಿಲು ಇರುವ ಕಡೆಯ ಕಿಟಕಿ ಸೀಟು ಕೇಳಿ ತೆಗೆದುಕೊಳ್ಳಿ, ದಾರಿಯಲ್ಲಿ ಡಿಕ್ಕಿ ತೆರೆದಾಗ ಒಮ್ಮೆ ಇಳಿದು ನೋಡಿ ಬನ್ನಿ, ಬ್ಯಾಗಿಗೆ ಕಣ್ಣಿಗೆ ಹೊಡೆಯುವ ಬಣ್ಣದ ಬಟ್ಟೆ ಕಟ್ಟಿರಿ. ಕಪ್ಪು ಬ್ಯಾಗುಗಳ ರಾಶಿಯಲ್ಲಿ ಇನ್ನೊಬ್ಬರು ನಮ್ಮದನ್ನು ತಮ್ಮದೆಂದು ಒಯ್ಯುವುದು ಕಳ್ಳತನಕ್ಕಿಂತ ಜಾಸ್ತಿ ನಡೆಯುತ್ತದೆ ಎಂದು ನನ್ನ ಅನಿಸಿಕೆ.

ಹುಬ್ಬಳ್ಳಿಯವರಿಗೆ ದುರ್ಗದ ಬೈಲಿನ ಸುತ್ತಮುತ್ತ, ಬೆಂಗಳೂರಿನವರಿಗೆ ಚಿಕ್ಕಪೇಟೆ ಕಡೆ ಅಳತೆಗೆ ಕತ್ತರಿಸಿ ಕೊಡುವ ಅಂಗಡಿಗಳು ಸಿಗುತ್ತವೆ. ಒಂದು ಬ್ಯಾಗಿಗೆ 3 ಅಡಿ ಸಾಕು, ಎರಡಕ್ಕೆ 4 ಅಡಿ ಕೇಳಿ.